ಮಸ್ಕತ್‌ಗೋ ಬೆಂಗಳೂರಿಗೋ: ಹೊರದೇಶದಲ್ಲಿ ಓದಿದ ಸಹಪಾಠಿಗಳು ಮತ್ತೆ ಸೇರಲು ಜಾಗ ಆರಿಸುವ ಬಗೆ

1990ರಲ್ಲಿ ಒಮಾನಿನ ರಾಜಧಾನಿ ಮಸ್ಕತ್‌ನ ಭಾರತೀಯ ಶಾಲೆಯೊಂದರಲ್ಲಿ ಹತ್ತನೆಯ ತರಗತಿ ಮುಗಿಸಿದ ನಮ್ಮ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಈಗ 38 ಮಂದಿ ಇದ್ದೇವೆ. ಹನ್ನೊಂದು ಮಂದಿ ಬೆಂಗಳೂರಿನವರೇ ಆಗಿದ್ದೇವೆ. ಉಳಿದವರು ಕೊಚ್ಚಿ, ಮಂಗಳೂರು, ಮುಂಬೈ, ದುಬೈ, ಹ್ಯೂಸ್ಟನ್, ಟೊರಾಂಟೊ, ಮೆಲ್ಬರ್ನ್ ಎಂದು ಹಂಚಿಹೋಗಿದ್ದಾರೆ, ಒಬ್ಬ ಮಾತ್ರ ಇನ್ನೂ ಮಸ್ಕತ್‌ನಲ್ಲೇ ಉಳಿದಿದ್ದಾನೆ. ಎಲ್ಲರೂ ಒಮ್ಮೆ ಸೇರೋಣ ಎಂಬ ಮಾತು ಪ್ರತಿ ವರ್ಷ ಹೊಸ ವರ್ಷದ ಶುಭಾಶಯಗಳ ಜೊತೆಗೆ ಏಳುತ್ತದೆ, ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುವಷ್ಟರಲ್ಲಿ ತಣ್ಣಗಾಗುತ್ತದೆ. ಹೀಗೆ ತಣ್ಣಗಾಗುವುದಕ್ಕೆ ಯಾರಿಗೂ ಮನಸ್ಸಿಲ್ಲ ಎನ್ನುವುದು ಕಾರಣವಲ್ಲ. ಎಲ್ಲಿ ಸೇರುವುದು ಎಂಬ ಒಂದೇ ಪ್ರಶ್ನೆಯಲ್ಲಿ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ನಾವು ಬೇರೆ ಬೇರೆ ಬಗೆಯಲ್ಲಿ ನಾಲ್ಕು ಸಲ ಸೇರಿ ನೋಡಿದ್ದೇವೆ, ಅದರಲ್ಲಿ ಒಂದು ಸಲ ಚೆನ್ನಾಗಿಯೇ ಎಡವಿದ್ದೇವೆ. ಹಾಗಾಗಿ ಕುವೈತ್, ಬಹ್ರೇನ್, ಜಾಂಬಿಯಾದ ಲುಸಾಕಾಗಳಲ್ಲಿ ಓದಿ ಬಂದ ಪರಿಚಯದವರು ಇದೇ ಪ್ರಶ್ನೆಯನ್ನು ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಓದಿದವರಿಗೆ ಈ ತೊಡಕು ಇಲ್ಲ. ಅವರ ಶಾಲೆ ಅಲ್ಲೇ ಇದೆ, ಶಾಲೆಯ ಎದುರಿನ ಬೇಕರಿಯೂ ಬಹಳ ಸಲ ಅಲ್ಲೇ ಇರುತ್ತದೆ, ಊರಿಗೆ ಬಂದಾಗ ಉಳಿಯಲು ಯಾರದಾದರೂ ಮನೆ ಇದ್ದೇ ಇರುತ್ತದೆ. ನಮ್ಮ ಕಥೆ ಬೇರೆ. ತಂದೆಯ ಕೆಲಸ ಮುಗಿದ ದಿನವೇ ಕುಟುಂಬದ ವೀಸಾ ಮುಗಿಯಿತು, ಮನೆ ಖಾಲಿಯಾಯಿತು, ಆ ಊರಿನಲ್ಲಿ ನಮ್ಮದೆಂದು ಹೇಳಿಕೊಳ್ಳಲು ಒಂದು ಗೋಡೆಯೂ ಉಳಿಯಲಿಲ್ಲ. ಅಲ್ಲಿ ನಮಗೆ ಅಜ್ಜಿಮನೆ ಇಲ್ಲ, ಹಬ್ಬಕ್ಕೆ ಕರೆಯುವ ನೆಂಟರಿಲ್ಲ. ಹೀಗಾಗಿ ನಮ್ಮ ಪಾಲಿಗೆ ಆ ಊರು ಎಂದರೆ ಬಹುಮಟ್ಟಿಗೆ ಆ ಸಹಪಾಠಿಗಳೇ. ಜಾಗವನ್ನು ಆರಿಸುವಾಗ ಈ ಮಾತನ್ನು ಮರೆತರೆ ಹಣ ಬಹಳ ಖರ್ಚಾಗಿ ತೃಪ್ತಿ ಸ್ವಲ್ಪವೇ ಸಿಗುತ್ತದೆ ಎನ್ನುವುದು ನನ್ನ ಅನುಭವ.

ಮೊದಲು ಅಳತೆಗೋಲುಗಳು

ನೀವು ನೋಡಬೇಕೆಂದಿರುವುದು ಜನರನ್ನೋ, ಜಾಗವನ್ನೋ? ಗುಂಪಿನಲ್ಲಿ ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಯನ್ನು ಹಾಕಿ, ಪ್ರತಿಯೊಬ್ಬರಿಂದಲೂ ಒಂದೇ ಪದದ ಉತ್ತರ ಪಡೆಯಿರಿ. ನಮ್ಮಲ್ಲಿ ಕೇಳಿದಾಗ ಗಟ್ಟಿಯಾಗಿ ‘ಮಸ್ಕತ್’ ಎನ್ನುತ್ತಿದ್ದ ಇಬ್ಬರಿಗೆ ನಿಜವಾಗಿ ಬೇಕಿದ್ದದ್ದು ತಾವಿದ್ದ ಕಟ್ಟಡವನ್ನು ಮಕ್ಕಳಿಗೆ ತೋರಿಸುವುದು ಎಂದು ಗೊತ್ತಾಯಿತು. ಅದನ್ನು ಅವರು ತಮ್ಮ ಕುಟುಂಬದೊಂದಿಗೆ ಯಾವಾಗ ಬೇಕಾದರೂ ಮಾಡಬಹುದು, ಅದಕ್ಕಾಗಿ ಮೂವತ್ತು ಜನರ ರಜೆಯನ್ನು ಹೊಂದಿಸಬೇಕಾಗಿಲ್ಲ.

ಎರಡನೆಯದು ಪಾಸ್‌ಪೋರ್ಟ್. ಶಾಲೆಯಲ್ಲಿ ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಪಾಸ್‌ಪೋರ್ಟ್ ಇತ್ತು, ಈಗ ಇಲ್ಲ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ ಅಲ್ಲಿನ ಪೌರರಾದವರಿಗೆ ಬೆಂಗಳೂರಿಗೆ ಬರಲು ಓಸಿಐ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ) ಕಾರ್ಡಾದರೂ ಇರಬೇಕು, ವೀಸಾ ಆದರೂ ಬೇಕು. ನಮ್ಮ ಗುಂಪಿನಲ್ಲಿ ಶಾಲೆಯವನಲ್ಲದಿದ್ದರೂ ಮಸ್ಕತ್‌ನ ರೂವಿ ಬಡಾವಣೆಯ ನಮ್ಮ ಕಟ್ಟಡದ ಮೇಲಂತಸ್ತಿನಲ್ಲಿದ್ದ, ಸಂಜೆಯೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮೊಡನೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದ ಕರಾಚಿ ಮೂಲದ ಗೆಳೆಯನೊಬ್ಬನಿದ್ದಾನೆ. ಪಾಕಿಸ್ತಾನ ಮೂಲದವರಿಗೆ, ಅವರು ಈಗ ಬೇರೆ ದೇಶದ ಪೌರರಾಗಿದ್ದರೂ, ಭಾರತದ ಇ-ವೀಸಾ ಸೌಲಭ್ಯ ಇಲ್ಲ. ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು. ಇಂಥವರು ನಿಮ್ಮ ಗುಂಪಿನಲ್ಲಿದ್ದರೆ ಬೆಂಗಳೂರನ್ನು ಆರಿಸುವುದೆಂದರೆ ಅವರನ್ನು ಬಿಟ್ಟುಬಿಡುವುದು ಎಂದೇ ಅರ್ಥ. ಅದನ್ನು ತಿಳಿದೇ ಆರಿಸಬೇಕು.

ಮೂರನೆಯದು ಕಾಲ. ಊರು ಮೊದಲು ಗೊತ್ತುಮಾಡಿ ದಿನಾಂಕವನ್ನು ಆಮೇಲೆ ಹುಡುಕುವುದು ಎಲ್ಲರೂ ಮಾಡುವ ತಪ್ಪು. ಬೆಂಗಳೂರಿನ ಮಕ್ಕಳಿಗೆ ಏಪ್ರಿಲ್ ಮತ್ತು ಮೇ ರಜೆ, ಕೊಲ್ಲಿ ದೇಶಗಳ ಮಕ್ಕಳಿಗೆ ಜುಲೈ ಮತ್ತು ಆಗಸ್ಟ್, ಅಮೆರಿಕದವರಿಗೆ ಜೂನ್‌ನಿಂದ ಆಗಸ್ಟ್. ಎಲ್ಲರಿಗೂ ಹೊಂದುವುದು ಡಿಸೆಂಬರಿನ ಕೊನೆಯ ವಾರ ಮಾತ್ರ, ವಿಮಾನದ ಟಿಕೆಟ್ ಆಕಾಶಕ್ಕೇರುವುದೂ ಆಗಲೇ. ಜುಲೈಯಲ್ಲಿ ಬೆಂಗಳೂರು ಮೋಡ ಕವಿದು ಹಿತವಾಗಿರುತ್ತದೆ, ಅದೇ ಹೊತ್ತಿನಲ್ಲಿ ಮಸ್ಕತ್ ಕಾದ ಹಂಚಾಗಿರುತ್ತದೆ. ಹಾಗಾಗಿ ತಿಂಗಳನ್ನು ನಿಶ್ಚಯಿಸಿದರೆ ಅರ್ಧ ಊರುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ನಾಲ್ಕನೆಯದು ಹಣ. ಗುಂಪಿನಲ್ಲಿ ಯಾರು ಹೆಚ್ಚು ಖರ್ಚು ಮಾಡಬಲ್ಲರು ಎನ್ನುವುದಲ್ಲ, ಯಾರಿಗೆ ಅದು ಭಾರವಾಗುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರಬೇಕು. ಐವತ್ತರ ಆಸುಪಾಸಿನಲ್ಲಿ ಕೆಲವರಿಗೆ ಮಕ್ಕಳ ಕಾಲೇಜು ಶುಲ್ಕ, ಕೆಲವರಿಗೆ ಹೋದ ಕೆಲಸ, ಕೆಲವರಿಗೆ ಹಾಸಿಗೆ ಹಿಡಿದ ತಾಯಿ. ಇವರು ಯಾರೂ ‘ನನಗೆ ಹಣವಿಲ್ಲ’ ಎಂದು ಗುಂಪಿನಲ್ಲಿ ಬರೆಯುವುದಿಲ್ಲ; ‘ಆಫೀಸಿನಲ್ಲಿ ರಜೆ ಸಿಗಲಿಲ್ಲ’ ಎನ್ನುತ್ತಾರೆ.

ಕೊನೆಯದು ಮಾತಿನ ವೇಳೆ. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇಪ್ಪತ್ತು ಜನ ಸೇರಿದ ನಾಲ್ಕು ಗಂಟೆಯ ಊಟದಲ್ಲಿ ಪ್ರತಿಯೊಬ್ಬರೊಡನೆ ಬೇರೆ ಬೇರೆಯಾಗಿ ಮಾತನಾಡಲು ಹೊರಟರೆ ಒಬ್ಬೊಬ್ಬರ ಪಾಲಿಗೆ ಹನ್ನೆರಡು ನಿಮಿಷ ಬರುತ್ತದೆ. ಮೂವತ್ತು ವರ್ಷಗಳ ಮಾತಿಗೆ ಅದು ಸಾಕೇ ಎಂದು ನೀವೇ ನೋಡಿಕೊಳ್ಳಿ.

ಬೆಂಗಳೂರು

ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರುವುದು ಬೆಂಗಳೂರು. ಬಹಳಷ್ಟು ಗುಂಪುಗಳಲ್ಲಿ ಕಾಲುಭಾಗದಷ್ಟಾದರೂ ಜನ ಈ ಊರಿನಲ್ಲೇ ಇರುತ್ತಾರೆ, ಹೊರಗಿನಿಂದ ಬರುವವರಿಗೂ ತಂದೆ ತಾಯಿಯನ್ನೋ ಅತ್ತೆ ಮಾವನನ್ನೋ ನೋಡಲು ವರ್ಷಕ್ಕೊಮ್ಮೆ ಬರಬೇಕಾಗಿಯೇ ಇರುತ್ತದೆ. ಆ ಪ್ರಯಾಣದ ಜೊತೆ ಎರಡು ದಿನ ಸೇರಿಸಿಕೊಂಡರೆ ವಿಮಾನದ ಖರ್ಚು ಪ್ರತ್ಯೇಕವಾಗಿ ಬೀಳುವುದಿಲ್ಲ. ಅವರ ಸಂಗಾತಿ ಮತ್ತು ಮಕ್ಕಳಿಗೆ ಇಲ್ಲಿ ಬೇರೆ ಮನೆಗಳಿವೆ, ಬೇರೆ ಕೆಲಸಗಳಿವೆ; ನಮ್ಮ ಹಳೆಯ ಕಥೆಗಳನ್ನು ಮೂರು ದಿನ ಕೇಳುವ ಶಿಕ್ಷೆ ಅವರಿಗೆ ತಪ್ಪುತ್ತದೆ.

ಆದರೆ ಬೆಂಗಳೂರಿನಲ್ಲಿ ಎಲ್ಲಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. 2018ರ ಡಿಸೆಂಬರಿನಲ್ಲಿ ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ವಿಮಾನದಲ್ಲಿ ಬರುವವರಿಗೆ ಅನುಕೂಲವಾಗಲಿ ಎಂದು ಬಳ್ಳಾರಿ ರಸ್ತೆಯ ಹೋಟೆಲೊಂದರ ಸಭಾಂಗಣವನ್ನು ತಲೆಗೆ 3,200 ರೂಪಾಯಿಯ ಲೆಕ್ಕದಲ್ಲಿ ಗೊತ್ತುಮಾಡಿದೆವು. ವಿಮಾನದಲ್ಲಿ ಬಂದವರೆಲ್ಲ ಆಗಲೇ ಊರೊಳಗಿನ ತಮ್ಮ ನೆಂಟರ ಮನೆಗಳಲ್ಲಿ ಇಳಿದುಕೊಂಡಿದ್ದರು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಶನಿವಾರ ಸಂಜೆ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟ ಗೆಳತಿಯೊಬ್ಬಳು ಎರಡೂವರೆ ಗಂಟೆಯ ನಂತರ ತಲುಪಿದಳು. ಹೋಟೆಲಿನವರು ಪ್ಯಾಕೇಜಿನಲ್ಲಿದೆ ಎಂದು ಡಿಜೆ ಒಬ್ಬನನ್ನು ಕೂರಿಸಿದ್ದರು. ಎರಡು ಸಲ ಕೇಳಿಕೊಂಡರೂ ಆತ ಶಬ್ದ ತಗ್ಗಿಸಲಿಲ್ಲ. ಇಪ್ಪತ್ತೆಂಟು ವರ್ಷಗಳ ನಂತರ ಎದುರಾದ ಗೆಳೆಯನ ಕಿವಿಯಲ್ಲಿ ‘ನಿನ್ನ ತಂದೆ ಹೇಗಿದ್ದಾರೆ’ ಎಂದು ಕೂಗಿದೆ. ಅವನು ‘ತೀರಿಕೊಂಡರು’ ಎಂದು ಕೂಗಿ ಹೇಳಿದ.

ಮರುದಿನ ಭಾನುವಾರ ಯಾವ ಸಿದ್ಧತೆಯೂ ಇಲ್ಲದೆ ಹದಿನಾಲ್ಕು ಮಂದಿ ಜಯನಗರದ ನಮ್ಮ ಮನೆಯ ತಾರಸಿಗೆ ಬಂದರು. ಜಮಖಾನ ಹಾಸಿದೆವು, ಪಕ್ಕದ ರಸ್ತೆಯ ಅಡುಗೆಯವರಿಂದ ಬಿಸಿಬೇಳೆಬಾತ್, ಮೊಸರನ್ನ ಮತ್ತು ಸಂಡಿಗೆ ತರಿಸಿದೆವು. ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಯಿತು. ಹನ್ನೊಂದು ಗಂಟೆಗೆ ಚಳಿ ಹೆಚ್ಚಾಗಿ ಶಾಲು ಕೇಳಿದವರಿಗೆಲ್ಲ ಮನೆಯಲ್ಲಿದ್ದ ಟವೆಲುಗಳನ್ನೂ ಕೊಟ್ಟಾಗಿತ್ತು, ಆದರೂ ಯಾರೂ ಏಳಲಿಲ್ಲ. ನಾವು ನಿಜವಾಗಿ ಸೇರಿದ್ದು ಅಂದು.

ಆದ್ದರಿಂದ ಬೆಂಗಳೂರನ್ನೇ ಆರಿಸುವುದಾದರೆ ಸಭಾಂಗಣಕ್ಕಿಂತ ಮನೆ ಮೇಲು. ಮನೆ ಚಿಕ್ಕದಾದರೆ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲನ್ನು ಒಂದು ದಿನಕ್ಕೆ ಬಾಡಿಗೆಗೆ ಪಡೆಯಬಹುದು, ಅದೂ ಆಗದಿದ್ದರೆ ಹಿನ್ನೆಲೆ ಸಂಗೀತವಿಲ್ಲದ ಹೋಟೆಲನ್ನು ಹಗಲಿನ ಊಟಕ್ಕೆ ನೋಡಬಹುದು. ಜಾಗವು ಮೆಟ್ರೊ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರವಿರಲಿ. ಹಸಿರು ಮಾರ್ಗವೂ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವೂ ಕೂಡುವ ಆರ್‌.ವಿ. ರಸ್ತೆಯ ಸುತ್ತಮುತ್ತ ಹುಡುಕಿದರೆ ದಕ್ಷಿಣದವರಿಗೂ ಎಲೆಕ್ಟ್ರಾನಿಕ್ ಸಿಟಿಯವರಿಗೂ ದಾರಿ ಸುಲಭ. ವೈಟ್‌ಫೀಲ್ಡ್‌ನವರು ಹೆಚ್ಚಿದ್ದರೆ ನೇರಳೆ ಮಾರ್ಗದ ಮೇಲಿರುವ ಎಂ.ಜಿ. ರಸ್ತೆಯ ಕಡೆ ನೋಡಬಹುದು. ಕ್ಲಬ್ಬುಗಳಲ್ಲಿ ಹುಲ್ಲುಹಾಸು ಚೆನ್ನಾಗಿರುತ್ತದೆ, ಆದರೆ ಸದಸ್ಯನೊಬ್ಬ ಬೇಕು, ಆ ಸದಸ್ಯನಿಗೆ ಬಿಲ್ಲಿನ ತಲೆನೋವು.

ಇದೇ ಆಯ್ಕೆಗೆ ಇನ್ನೊಂದು ರೂಪವಿದೆ, ನನಗೆ ಅದೇ ಹೆಚ್ಚು ಇಷ್ಟ: ಬೆಂಗಳೂರಿನಲ್ಲಿ ಇಳಿದು, ಬೆಂಗಳೂರಿನಲ್ಲಿ ಉಳಿಯದಿರುವುದು. ಸಕಲೇಶಪುರದ ಕಡೆಯೋ ಕೊಡಗಿನಲ್ಲೋ ಕಾಫಿ ತೋಟದ ಹೋಮ್‌ಸ್ಟೇ ಒಂದನ್ನು ಇಡಿಯಾಗಿ ಎರಡು ರಾತ್ರಿಗೆ ಹಿಡಿದರೆ, ಒಂದೇ ವ್ಯಾನಿನಲ್ಲಿ ಹೋಗಿಬರುವ ಖರ್ಚನ್ನೂ ಸೇರಿಸಿ, ನಗರದ ದೊಡ್ಡ ಹೋಟೆಲಿನ ಎರಡು ಊಟ ಮತ್ತು ಒಂದು ರಾತ್ರಿಯ ಕೋಣೆಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ. ಮಾತಿಗೆ ಸಿಗುವುದು ನಾಲ್ಕು ಗಂಟೆಯಲ್ಲ, ನಲವತ್ತು ಗಂಟೆ. ಮಂಡಿನೋವಿನವರಿಗೆ ನೆಲಮಹಡಿಯ ಕೋಣೆಯಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಮಾತ್ರ ಮೊದಲೇ ವಿಚಾರಿಸಿ.

ಹೊರಗಿನವರಿಗೊಂದು ಮಾತು: ಭಾರತದ ಇ-ವೀಸಾಕ್ಕೆ ಅರ್ಜಿ ಹಾಕುವಾಗ ಸರ್ಕಾರದ ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುವುದನ್ನು ಖಚಿತಪಡಿಸಿಕೊಳ್ಳಿ. ನಮ್ಮ ಟೊರಾಂಟೊದ ಗೆಳತಿ ಅದೇ ಹೋಲಿಕೆಯ ಖಾಸಗಿ ತಾಣವೊಂದರಲ್ಲಿ ಎರಡು ಪಟ್ಟು ಶುಲ್ಕ ಕಟ್ಟಿದ್ದಳು.

ಹಳೆಯ ಊರು

ಜಾಗವನ್ನೇ ನೋಡಬೇಕೆನ್ನುವವರಿಗೆ ಬೇರೆ ಯಾವುದೂ ಸಾಟಿಯಲ್ಲ. 2023ರ ಫೆಬ್ರವರಿಯಲ್ಲಿ ನಾವು ಒಂಬತ್ತು ಮಂದಿ ಮಸ್ಕತ್‌ಗೆ ಹೋದೆವು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಮೂರೂವರೆ ಗಂಟೆಯ ಆಚೀಚೆ, ಅಂದರೆ 2018ರ ಆ ಶನಿವಾರ ನಮ್ಮ ಗೆಳತಿ ಊರೊಳಗೇ ಪಟ್ಟ ಪ್ರಯಾಣಕ್ಕಿಂತ ಒಂದೇ ಗಂಟೆ ಹೆಚ್ಚು. ನಾಲ್ಕು ರಾತ್ರಿಗೆ ವಿಮಾನ, ಹೋಟೆಲು, ಊಟ, ಬಾಡಿಗೆ ವ್ಯಾನು ಎಲ್ಲ ಸೇರಿ ನನಗೆ ಸುಮಾರು 78 ಸಾವಿರ ರೂಪಾಯಿ ಬಿತ್ತು. ಒಮಾನಿನ ರಿಯಾಲು 1986ರಿಂದ ಸುಮಾರು 2.6 ಡಾಲರಿಗೆ ಕಟ್ಟುಬಿದ್ದಿದೆ; ಡಾಲರಿನ ಮುಂದೆ ರೂಪಾಯಿ ಇಳಿದಷ್ಟೂ ನಮಗೆ ಅಲ್ಲಿಯ ಚಹಾ ದುಬಾರಿಯಾಗುತ್ತದೆ. ಭಾರತದ ರಿಸರ್ವ್ ಬ್ಯಾಂಕ್ 1959ರಲ್ಲಿ ಹೊರತಂದ ‘ಗಲ್ಫ್ ರೂಪಾಯಿ’ ಒಮಾನಿನಲ್ಲಿ 1970ರವರೆಗೂ ನಡೆಯುತ್ತಿತ್ತು ಎಂದು ನನ್ನ ತಂದೆ ಹೇಳುತ್ತಿದ್ದರು. ಆ ಕಾಲ ಹೋಯಿತು.

ವೀಸಾ ಅಷ್ಟೇನೂ ಕಷ್ಟವಲ್ಲ. ಅಮೆರಿಕ, ಬ್ರಿಟನ್, ಕೆನಡಾ ಅಥವಾ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ) ದೇಶಗಳ ಚಾಲ್ತಿಯಲ್ಲಿರುವ ವೀಸಾ ಹೊಂದಿರುವ ಭಾರತೀಯರು 14 ದಿನಗಳ ಮಟ್ಟಿಗೆ ವೀಸಾ ಇಲ್ಲದೆ ಒಮಾನನ್ನು ಪ್ರವೇಶಿಸಬಹುದು, ಉಳಿದವರು ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ನಮ್ಮ ಕರಾಚಿಯ ಗೆಳೆಯ ಬಂದು ಸೇರಿದ್ದು ಇಲ್ಲಿಯೇ. ಅವನೊಬ್ಬನಿಗಾಗಿಯೇ ಬೆಂಗಳೂರನ್ನು ಬಿಟ್ಟೆವು ಎಂದರೂ ತಪ್ಪಿಲ್ಲ.

ದಿನಾಂಕದ ವಿಷಯದಲ್ಲಿ ಎರಡು ಎಚ್ಚರಿಕೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹವೆ ಹಿತ, ಮೇ ನಂತರ ಹಗಲು ಹೊರಗೆ ಓಡಾಡುವ ಮಾತೇ ಇಲ್ಲ; ರಂಜಾನ್ ತಿಂಗಳಾದರೆ ಹಗಲಲ್ಲಿ ಸಾರ್ವಜನಿಕ ಜಾಗಗಳಲ್ಲಿ ತಿನ್ನುವಂತಿಲ್ಲ, ಮತ್ತು ಆ ತಿಂಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಬರುತ್ತದೆ. ಇನ್ನೊಂದು, ವಾರದ ರಜೆ. ನಾವಿದ್ದಾಗ ಗುರುವಾರ ಶುಕ್ರವಾರ ರಜೆ ಇತ್ತು, 2013ರ ಮೇ 1ರಿಂದ ಅದು ಶುಕ್ರವಾರ ಶನಿವಾರಕ್ಕೆ ಬದಲಾಗಿದೆ. ಬೆಂಗಳೂರಿನಿಂದ ಗುರುವಾರ ರಾತ್ರಿ ಹೊರಟು ಶನಿವಾರ ಮರಳುವ ಯೋಜನೆ ಹಾಕಿದರೆ ಶಾಲೆಗೆ ಬೀಗ ಬಿದ್ದಿರುತ್ತದೆ. ಭಾನುವಾರ ಅಲ್ಲಿ ತರಗತಿ ನಡೆಯುತ್ತದೆ, ಆ ದಿನವನ್ನು ಸೇರಿಸಿಕೊಳ್ಳಲೇಬೇಕು. ಶಾಲೆಯ ಪ್ರಾಂಶುಪಾಲರಿಗೆ ತಿಂಗಳ ಮೊದಲೇ ಪತ್ರ ಬರೆದು ಎಲ್ಲರ ಹೆಸರು ಮತ್ತು ಓದಿದ ವರ್ಷಗಳನ್ನು ಕೊಡಿ. ಮಕ್ಕಳಿರುವ ಜಾಗ, ಗೇಟಿನಲ್ಲಿ ನಿಂತು ‘ನಾವು ಹಳೆಯ ವಿದ್ಯಾರ್ಥಿಗಳು’ ಎಂದರೆ ಬಿಡುವುದಿಲ್ಲ, ಬಿಡಬಾರದು ಕೂಡ. ನಮಗೆ ನಲವತ್ತು ನಿಮಿಷ ಸಿಕ್ಕಿತು.

ನೋಡಲು ಏನು ಉಳಿದಿದೆ ಎನ್ನುವುದು ಊರಿನಿಂದ ಊರಿಗೆ ಬೇರೆ. ಮಸ್ಕತ್ ಎತ್ತರಕ್ಕೆ ಬೆಳೆಯದೆ ಅಗಲಕ್ಕೆ ಬೆಳೆದ ಊರಾದ್ದರಿಂದ ನಾವು ಅದೃಷ್ಟವಂತರು: ಮುತ್ರಾದ ಸಮುದ್ರದಂಡೆ, ಅದರ ಹಿಂದಿನ ಸೂಕ್‌ನ (ಹಳೆಯ ಪೇಟೆಯ) ಲೋಬಾನದ ಹೊಗೆ, ರಿಯಾಮಿನ ಬೆಟ್ಟದ ಮೇಲಿನ ದೊಡ್ಡ ಧೂಪದಾನಿಯ ಆಕಾರ ಕಣ್ಣಿಗೆ ಕಂಡ ಕೂಡಲೇ ಗುರುತು ಸಿಕ್ಕಿತು. ಆದರೆ ಇಳಿದ ವಿಮಾನ ನಿಲ್ದಾಣ 2018ರಲ್ಲಿ ತೆರೆದ ಹೊಸದು. ಚಾಲಕ ಹೆಮ್ಮೆಯಿಂದ ತೋರಿಸಿದ ದೊಡ್ಡ ಮಸೀದಿ 2001ರದು, ಆಪೆರಾ ಹೌಸ್ 2011ರದು. ಎರಡೂ ನಮ್ಮ ಬಾಲ್ಯಕ್ಕೆ ಸೇರಿದವಲ್ಲ. ರೂವಿಯ ನಮ್ಮ ಕಟ್ಟಡ ಇತ್ತು. ಎರಡನೆಯ ಅಂತಸ್ತಿನ ಬಾಗಿಲ ಮುಂದೆ ಯಾರದೋ ನಾಲ್ಕು ಜೋಡಿ ಚಪ್ಪಲಿ ಇದ್ದವು. ಬಾಗಿಲು ತಟ್ಟಲು ಕೈ ಎತ್ತಿ, ಏನು ಹೇಳುವುದೆಂದು ತಿಳಿಯದೆ ಇಳಿಸಿದೆ. ಕೆಳಗಿನ ಮಲಯಾಳಿ ಕಿರಾಣಿ ಅಂಗಡಿಯಲ್ಲಿ ಕೆಂಪು ಪೊಟ್ಟಣದ ಒಮಾನ್ ಚಿಪ್ಸ್ ಸಿಕ್ಕಿತು. ಒಂಬತ್ತು ಮಂದಿಯೂ ಕಾರು ನಿಲ್ಲಿಸುವ ಆ ಜಾಗದಲ್ಲೇ ನಿಂತು, ಖಾರದ ಪುಡಿ ಮೆತ್ತಿದ ಬೆರಳು ನೆಕ್ಕುತ್ತಾ, ಅಂದು ವಿಕೆಟ್ ಆಗಿ ಬಳಸುತ್ತಿದ್ದ ವಿದ್ಯುತ್ ಪೆಟ್ಟಿಗೆ ಯಾವುದೆಂದು ಜಗಳವಾಡಿದೆವು. ಅದು ಬೆಂಗಳೂರಿನ ಯಾವ ತಾರಸಿಯಲ್ಲೂ ಸಿಗುವಂಥದ್ದಲ್ಲ ಎಂದು ಒಪ್ಪುತ್ತೇನೆ. ಅದೇ ಹೊತ್ತಿಗೆ, ಗುಂಪಿನ 38 ಜನರಲ್ಲಿ ಅದು ಸಿಕ್ಕಿದ್ದು ಒಂಬತ್ತು ಜನರಿಗೆ ಮಾತ್ರ ಎನ್ನುವುದನ್ನೂ ಹೇಳಬೇಕು.

ಹಣ ಕಟ್ಟುವ ಬಗ್ಗೆ ಒಂದು ಕಿವಿಮಾತು. ಟ್ರಾವೆಲ್ಸ್‌ನವರ ಮೂಲಕ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂದು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ, ಅದು ಹಣ ಕಟ್ಟಿದವರ ಪಾನ್ ಸಂಖ್ಯೆಗೆ ಸೇರುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ, ಎಲ್ಲರ ಪರವಾಗಿ ಒಬ್ಬನೇ ಕಟ್ಟಿದರೆ ಲೆಕ್ಕ ಗೋಜಲಾಗುತ್ತದೆ. ಅವರವರ ಟಿಕೆಟು ಮತ್ತು ಕೋಣೆಯನ್ನು ಅವರವರೇ ಕಾಯ್ದಿರಿಸುವುದು ಸ್ನೇಹಕ್ಕೂ ಒಳ್ಳೆಯದು.

ಕುವೈತ್‌ನಿಂದ ಬಂದವರ ಮಾತು

ಹಳೆಯ ಊರಿಗೆ ಹೋಗುವ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ಅನೇಕ ಮಕ್ಕಳು ರಜೆಗೆಂದು ಊರಿಗೆ ಬಂದವರು ಮತ್ತೆ ಹಿಂದಿರುಗಲೇ ಇಲ್ಲ. ಅಲ್ಲಿಯೇ ಇದ್ದವರು ಬಸ್ಸುಗಳಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನಗಳಲ್ಲಿ ಬೊಂಬಾಯಿಗೆ ಬಂದರು. ಸುಮಾರು ಎರಡು ತಿಂಗಳಲ್ಲಿ 488 ವಿಮಾನಯಾನಗಳು, ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಜನ. ಅವರಲ್ಲಿ ಬಹಳ ಮಂದಿಗೆ ತರಗತಿಯ ಫೋಟೊ ಇಲ್ಲ, ಆಟೋಗ್ರಾಫ್ ಪುಸ್ತಕವಿಲ್ಲ, ವಿದಾಯವೂ ಇಲ್ಲ. ಬನಶಂಕರಿಯಲ್ಲಿರುವ ಅಂಥ ಪರಿಚಯದವರೊಬ್ಬರಿಗೆ ಊರಿನ ಆಯ್ಕೆಗಿಂತ ಮೊದಲು ಬೇಕಿದ್ದದ್ದು ಹೆಸರುಗಳು. ಇಂಥ ಗುಂಪಿನವರು ದೊಡ್ಡ ಸಮಾರಂಭಕ್ಕೆ ಕೈಹಾಕದೆ, ಮೊದಲ ಒಂದು ವರ್ಷ ಪರದೆಯ ಮೇಲಿನ ಕರೆಗಳಲ್ಲೇ ಹಾಜರಿ ಪಟ್ಟಿಯನ್ನು ಕಟ್ಟಿಕೊಳ್ಳುವುದು ಸರಿ. ಒಬ್ಬರಿಗೆ ನೆನಪಿರುವ ಹೆಸರು ಇನ್ನಿಬ್ಬರನ್ನು ತರುತ್ತದೆ.

ನಡುದಾರಿಯ ಊರುಗಳು

ದುಬೈ, ಕೊಲಂಬೊ, ಗೋವಾಗಳ ಹೆಸರು ಪ್ರತಿ ಗುಂಪಿನಲ್ಲೂ ಕೇಳಿಬರುತ್ತದೆ. ಇವು ಯಾರ ಊರೂ ಅಲ್ಲ ಎನ್ನುವುದೇ ಇವುಗಳ ಗುಣ, ಅದೇ ದೋಷವೂ ಹೌದು. ಆತಿಥೇಯರ ಮೇಲೆ ಭಾರ ಬೀಳುವುದಿಲ್ಲ, ಎಲ್ಲರೂ ಸಮಾನವಾಗಿ ಅತಿಥಿಗಳು; ಆದರೆ ನೋಡುವ ಜಾಗಗಳು ಹೆಚ್ಚಿರುವ ಊರಿನಲ್ಲಿ ಗೆಳೆಯರ ಕೂಟ ಪ್ರವಾಸವಾಗಿಬಿಡುತ್ತದೆ. ನಮಗಿಂತ ಕಿರಿಯ ತಂಡದವರು ದುಬೈಯಲ್ಲಿ ಸೇರಿದಾಗ ಅರ್ಧ ದಿನ ಮಾಲ್‌ಗಳಲ್ಲಿ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಕಳೆದರಂತೆ. ದುಬೈಯ ನಿಜವಾದ ಲಾಭ ಇರುವುದು ವಿಮಾನಗಳಲ್ಲಿ: ಅಮೆರಿಕದಿಂದಲೂ ಆಸ್ಟ್ರೇಲಿಯಾದಿಂದಲೂ ನೇರವಾಗಿ ಬರಬಹುದು, ಮತ್ತು ಅಲ್ಲಿಂದ ಮಸ್ಕತ್‌ಗೆ ರಸ್ತೆಯಲ್ಲಿ ಐದಾರು ಗಂಟೆಯ ದಾರಿ. ಗುಂಪಿನ ಹೆಚ್ಚಿನವರು ಹೊರದೇಶಗಳಲ್ಲೇ ಇದ್ದರೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಬೆಂಗಳೂರಿನವರೇ ಹೆಚ್ಚಿದ್ದರೆ ಗೋವಾಕ್ಕೆ ಹೋಗುವ ಹಣದಲ್ಲಿ ಸಕಲೇಶಪುರಕ್ಕೆ ಎರಡು ಸಲ ಹೋಗಿಬರಬಹುದು.

ಈ ನಡುದಾರಿಯಲ್ಲಿ ಯಾರೂ ಯೋಚಿಸದ ಇನ್ನೊಂದು ಊರಿದೆ: ನಿಮ್ಮ ಟೀಚರ್ ಇರುವ ಊರು. ಕೊಲ್ಲಿಯ ಶಾಲೆಗಳಲ್ಲಿ ಕಲಿಸಿದವರಲ್ಲಿ ಬಹಳ ಮಂದಿ ನಿವೃತ್ತರಾಗಿ ಕೇರಳಕ್ಕೋ ಚೆನ್ನೈಗೋ ಕರಾವಳಿಗೋ ಮರಳಿದ್ದಾರೆ, ಈಗ ಅವರಿಗೆ ಎಂಬತ್ತರ ಹತ್ತಿರ. ಅವರು ಮಸ್ಕತ್‌ಗೂ ಬರಲಾರರು, ಬೆಂಗಳೂರಿನ ಸಭಾಂಗಣಕ್ಕೂ ಬರಲಾರರು. ನಮ್ಮ ಗಣಿತದ ಮಿಸ್ ತ್ರಿಶ್ಶೂರಿನಲ್ಲಿದ್ದಾರೆ ಎಂದು ತಿಳಿದಾಗ ಆರು ಮಂದಿ ರಾತ್ರಿ ರೈಲಿನಲ್ಲಿ ಹೋಗಿ ಮರುದಿನ ರಾತ್ರಿಯ ರೈಲಿನಲ್ಲಿ ಮರಳಿದೆವು. ತಲೆಗೆ ಮೂರು ಸಾವಿರವೂ ಆಗಲಿಲ್ಲ. ಮಿಸ್‌ಗೆ ನಮ್ಮ ಮುಖಗಳು ನೆನಪಿರಲಿಲ್ಲ. ಯಾರ ಡಬ್ಬಿಯಲ್ಲಿ ಚಿತ್ರಾನ್ನ ಬರುತ್ತಿತ್ತು ಎಂದು ಮಾತ್ರ ಸರಿಯಾಗಿ ಹೇಳಿದರು. ವಯಸ್ಸಾದ ಟೀಚರ್ ಒಬ್ಬರಿದ್ದರೆ ಉಳಿದೆಲ್ಲ ಆಯ್ಕೆಗಳಿಗಿಂತ ಮೊದಲು ಇದನ್ನು ಮುಗಿಸಿ. ಬೇರೆಯವು ಒಂದು ವರ್ಷ ಕಾಯಬಲ್ಲವು.

ಪರದೆ

ಖರ್ಚಿಲ್ಲದ ಆಯ್ಕೆ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ನಮ್ಮ ಗುಂಪಿನ 31 ಮಂದಿ ಒಂದೇ ಕರೆಯಲ್ಲಿ ಸೇರಿದ್ದರು, ಯಾವ ಊರಿನಲ್ಲೂ ಅಷ್ಟು ಜನ ಸೇರಲಿಲ್ಲ. ಇದರ ಕಷ್ಟ ಗಡಿಯಾರದ್ದು. ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಜೆ ಆರೂವರೆ ಎಂದರೆ ಮಸ್ಕತ್‌ನಲ್ಲಿ ಐದು, ಹ್ಯೂಸ್ಟನ್‌ನಲ್ಲಿ ಬೆಳಗಿನ ಎಂಟು, ಟೊರಾಂಟೊದಲ್ಲಿ ಒಂಬತ್ತು, ಮೆಲ್ಬರ್ನ್‌ನಲ್ಲಿ ರಾತ್ರಿ ಹನ್ನೊಂದು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ನಾನು ಕಾಗದದ ಮೇಲೆ ಬರೆದು ನೋಡಿದ್ದೇನೆ. ಜೂಮ್‌ನ ಉಚಿತ ಕರೆ 40 ನಿಮಿಷಕ್ಕೆ ಮುಗಿಯುತ್ತದೆ, ವಾಟ್ಸ್ಯಾಪ್ ವಿಡಿಯೊದಲ್ಲಿ 32 ಜನಕ್ಕಷ್ಟೇ ಜಾಗ. ಎಂಟಕ್ಕಿಂತ ಹೆಚ್ಚು ಜನರಾದರೆ ಇಬ್ಬರು ಮಾತನಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆದ್ದರಿಂದ ದೊಡ್ಡ ಕರೆ ವರ್ಷಕ್ಕೊಂದು ಸಾಕು, ನಾಲ್ಕೈದು ಜನರ ಚಿಕ್ಕ ಕರೆಗಳು ಆಗಾಗ ನಡೆಯಲಿ.

ಯಾರಿಗೆ ಯಾವುದು

ಮೊದಲ ಸಲ ಸೇರುತ್ತಿದ್ದರೆ, ಗುಂಪಿನಲ್ಲಿ ಹಣದ ಏರುಪೇರು ಹೆಚ್ಚಿದ್ದರೆ, ತಲೆಗೆ ಐದಾರು ಸಾವಿರಕ್ಕಿಂತ ಹೆಚ್ಚು ಬೀಳಬಾರದು ಎಂದಿದ್ದರೆ ಬೆಂಗಳೂರಿನಲ್ಲಿ ಯಾರದಾದರೂ ಮನೆಯಲ್ಲಿ ಹಗಲಿನ ಊಟದಿಂದ ಆರಂಭಿಸಿ. ಆಗಲೇ ಒಮ್ಮೆ ಸೇರಿ, ಮಾತು ಸಾಲಲಿಲ್ಲ ಎನಿಸಿದವರು ಎರಡು ರಾತ್ರಿಯ ಹೋಮ್‌ಸ್ಟೇಗೆ ಹೋಗಿ. ಹತ್ತರಿಂದ ಹದಿನೈದು ಸಾವಿರದೊಳಗೆ ಮುಗಿಯುತ್ತದೆ. ಹಳೆಯ ಊರಿನ ಪ್ರವಾಸವನ್ನು ಮೊದಲ ಭೇಟಿಯಾಗಿ ಇಟ್ಟುಕೊಳ್ಳಬೇಡಿ. ಮೂವತ್ತು ವರ್ಷ ನೋಡದವರ ಜೊತೆ ಪರದೇಶದಲ್ಲಿ ನಾಲ್ಕು ದಿನ ಒಂದೇ ವ್ಯಾನಿನಲ್ಲಿ ಓಡಾಡುವುದು ಸುಲಭವಲ್ಲ. ಮೊದಲು ಬೆಂಗಳೂರಿನಲ್ಲಿ ಪರಿಚಯ ನವೀಕರಿಸಿಕೊಂಡು, ಅದರಲ್ಲಿ ಹೊಂದಿಕೊಂಡ ಎಂಟು ಹತ್ತು ಮಂದಿ ಎರಡನೆಯ ಸಲ ಅಲ್ಲಿಗೆ ಹೋಗುವುದು ಸರಿಯಾದ ಕ್ರಮ. ಇದಕ್ಕೆ ಅಪವಾದ, ವೀಸಾದ ಕಾರಣದಿಂದ ಭಾರತಕ್ಕೆ ಬರಲಾಗದ ಗೆಳೆಯರಿರುವ ಗುಂಪು.

ಯಾವುದನ್ನೇ ಆರಿಸಿದರೂ ಗುಂಪಿನಲ್ಲಿ ಚರ್ಚೆಗೆ ಬಿಡಬೇಡಿ. ಎರಡೇ ದಿನಾಂಕ ಕೊಟ್ಟು ಮತ ಕೇಳಿ, ಒಂದು ವಾರ ಕಾಯಿರಿ, ಹೆಚ್ಚು ಮತ ಬಿದ್ದ ದಿನಕ್ಕೆ ಎರಡು ಸಾವಿರ ಮುಂಗಡ ಪಡೆಯಿರಿ. ಮುಂಗಡ ಕೊಟ್ಟವರಷ್ಟೇ ಬರುವವರು ಎಂದು ಎಣಿಸಿ. ಹೆಚ್ಚು ಕೊಡಬಲ್ಲವರಿಂದ ಒಂದಿಷ್ಟನ್ನು ಒಬ್ಬರೇ ಸಂಗ್ರಹಿಸಿ, ಬೇಕಾದವರಿಗೆ ಆ ಒಬ್ಬರೇ ಕರೆ ಮಾಡಿ ವಿಚಾರಿಸಲಿ. ಯಾರು ಕೊಟ್ಟರು, ಯಾರು ಪಡೆದರು ಎನ್ನುವುದು ಮೂರನೆಯವರಿಗೆ ತಿಳಿಯಬಾರದು.

ಬರಲಾಗದವರಿಗಾಗಿ ಆ ದಿನವೇ ಒಂದು ಕರೆಯನ್ನೂ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಬೆಂಗಳೂರಿನ ಸಂಜೆ ಐದೂವರೆಗೆ ಮಾಡಿದರೆ ಹ್ಯೂಸ್ಟನ್‌ನವರು ಬೆಳಗಿನ ಆರಕ್ಕೆ ಎದ್ದಿರಬೇಕು, ಮೆಲ್ಬರ್ನ್‌ನಲ್ಲಿ ಆಗ ರಾತ್ರಿ ಹನ್ನೊಂದಾಗಿರುತ್ತದೆ. ಅಲ್ಲಿರುವವನಿಗೆ ಮೊದಲು ಮಾತನಾಡಲು ಬಿಡಿ.